ಕೈಗುಣ

ಜನವರಿ ೯

ಪ್ರೀತಿಯ ಅಕ್ಕ,

ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ನೀನು ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಭಾವ ಎತ್ತಿ, "ಅವಳು ಸ್ನಾನಕ್ಕೆ ಹೋಗಿದಾಳಮ್ಮ" ಎಂದರು. ಸಂಜೆ ಮಾಡಿದಾಗಲೂ ನೀನು ಸ್ನಾನದಲ್ಲೇ ಇದ್ದೆ. ಇಷ್ಟು ಸ್ನಾನ ಮಾಡಿದರೆ ಕರಗಿಹೋಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಸಿಟ್ಟಿನಲ್ಲಿ ಅರ್ಧಕ್ಕೆ ಬಿಸಾಡಿದರೂ ಉಳಿದರ್ಧ ಅಲ್ಲೇ ಬಿದ್ದಿರುತ್ತದಲ್ಲ.

ಇದು ತಲುಪುವಷ್ಟರಲ್ಲಿ ಅಮ್ಮನ ಸೊಂಟದ ಆಪರೇಷನ್ ಮುಗಿದಿರುತ್ತದೆ. "ಅಮ್ಮ ಬಿದ್ದಿದಾಳೆ ಅಂದ್ರೂ ನಿಂಗೆ ರಜ ಸಿಗಲ್ವಾ?" ಎಂದು ನೀನು ಕೇಳಿದೆ. ರಜ ಸಿಕ್ಕಿದೆ ಅಕ್ಕ, ಅದೇ ತೊಂದರೆ. ಬೇಡವೆಂದರೂ ಕೊಟ್ಟು ಮನೆಗೆ ಕಳಿಸಿದ್ದಾರೆ.

ನಮ್ಮದು ಎದೆ ಸೀಳಿ ಹೃದಯ ಸರಿಮಾಡುವವರ ವಾರ್ಡು. ಹೋದ ತಿಂಗಳು ಅಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಗಾಯದಲ್ಲಿ ಕೀವು ಕಾಣಿಸಿಕೊಂಡಿತು. ಸ್ಟ್ಯಾಫ್ ಎನ್ನುವ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ತೊಂದರೆ ಕೊಡದೆ ಸುಮ್ಮನೆ ಇರುತ್ತದೆ. ಇದು ಅದರಲ್ಲೇ ಮೊಂಡು ಜಾತಿ; ಮಾಮೂಲಿ ಆಂಟಿಬಯೋಟಿಕ್ಕಿಗೆ ಬಗ್ಗುವುದಿಲ್ಲ. ಹಾಗೆ ಕೀವಾದವರಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬರಿದ್ದರು. ನನ್ನ ಕೈಗಡಿಯಾರ ನೋಡಿ, "ನರ್ಸಮ್ಮ, ಇದು ನಿಧಾನ ಓಡ್ತಿದೆ. ನಾನು ಎದ್ದ ಮೇಲೆ ಸರಿ ಮಾಡಿಕೊಡ್ತೀನಿ" ಎಂದಿದ್ದರು. ಅವರು ಏಳಲಿಲ್ಲ.

ಆಮೇಲೆ ನಮ್ಮೆಲ್ಲರ ಮೂಗಿನೊಳಗೂ ಹತ್ತಿಕಡ್ಡಿ ಆಡಿಸಿ ಪರೀಕ್ಷೆಗೆ ಕಳಿಸಿದರು. ನನ್ನದರಲ್ಲಿ ಅದು ಸಿಕ್ಕಿತು. ನನಗೆ ಒಂದು ನೆಗಡಿಯೂ ಇಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಅದು ನನ್ನಿಂದ ಅವರಿಗೆ ಹೋಯಿತೋ, ಅವರಿಂದ ನನಗೆ ಬಂತೋ ಯಾರೂ ಹೇಳುತ್ತಿಲ್ಲ. ದೊಡ್ಡ ಡಾಕ್ಟರನ್ನು ಕೇಳಿದೆ. "ಅದನ್ನೆಲ್ಲ ತಲೆಗೆ ಹಚ್ಕೋಬೇಡಿ" ಎಂದು ಫೈಲು ಮುಚ್ಚಿದರು. ಆ ಗಡಿಯಾರದವರ ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಮಾಡುತ್ತಿದ್ದವಳು ನಾನು.

ಮೂಗಿಗೆ ಮುಲಾಮು ಹಚ್ಚುತ್ತಿದ್ದೇನೆ, ಔಷಧಿ ಸೋಪಿನಲ್ಲಿ ಮೈ ತೊಳೆಯುತ್ತಿದ್ದೇನೆ. ಪರೀಕ್ಷೆಯಲ್ಲಿ ಒಂದಾದ ಮೇಲೊಂದು ಮೂರು ಸಲ 'ಇಲ್ಲ' ಎಂದು ಬರಬೇಕು. ಅಲ್ಲಿಯವರೆಗೆ ಹಸಿಗಾಯ ಇರುವ ಅಮ್ಮನ ಪಕ್ಕ ಹೇಗೆ ಕೂರಲಿ? ಅವಳಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ನೀನೇ ಬಿಡಿಸಿ ಹೇಳು.

ನಿನ್ನ
ಗುಬ್ಬಿ


ಜನವರಿ ೧೭

ತಂಗಿಗೆ,

ಆಪರೇಷನ್ ಆಯಿತು. ಹೊಸ ಕೀಲು ಕೂರಿಸಿದ್ದಾರೆ. ಅಮ್ಮ ಕಣ್ಣು ಬಿಟ್ಟವಳೇ ಕೇಳಿದ್ದು, "ಗುಬ್ಬಿ ಬಂದ್ಲಾ?" ಇಲ್ಲ ಎಂದು ಕೈಸನ್ನೆ ಮಾಡಿದೆ. ಗೋಡೆ ಕಡೆ ತಿರುಗಲು ನೋಡಿದಳು; ಸೊಂಟ ಬಿಡಲಿಲ್ಲ. ಮೇಲೆ ಫ್ಯಾನು ನೋಡುತ್ತ ಮಲಗಿದಳು.

ನಿನ್ನ ಕಾಗದ ಓದಿದೆ. ನನಗೆ ಅರ್ಥವಾಗಿದ್ದು ಇಷ್ಟು: ನಿನಗೆ ಏನೂ ಆಗಿಲ್ಲ, ಆದರೂ ಬರುವುದಿಲ್ಲ. ಊರವರ ಅಮ್ಮಂದಿರಿಗೆಲ್ಲ ಸೇವೆ ಮಾಡುವವಳಿಗೆ ತನ್ನ ಅಮ್ಮನ ಸರದಿ ಬಂದಾಗ ಮೂಗಿನಲ್ಲಿ ಹುಳ ಬಿತ್ತು. ಮುಖ ತೊಳೆದು ಬಾಗಿಲಲ್ಲಿ ನಿಂತು ನೋಡಿ ಹೋಗಲೂ ಆಗದೇ?

ಪಾರ್ಲರ್ ಬೆಳಗ್ಗೆ ಮಾತ್ರ ತೆಗೆಯುತ್ತಿದ್ದೇನೆ. ಹುಡುಗಿಯರ ಕೂದಲು ಕತ್ತರಿಸಿ, ಹುಬ್ಬು ತೀಡಿ, ಮಧ್ಯಾಹ್ನ ಆಸ್ಪತ್ರೆಗೆ ಓಡುತ್ತೇನೆ. ಬಸುರಿ ಮಗಳಿಗೆ ಈಗ ಐದು ತಿಂಗಳು, ವಾಂತಿ ನಿಂತಿಲ್ಲ. ಅವಳ ಮನೆಗೂ ಹೋಗಲಾಗುತ್ತಿಲ್ಲ. ಇದರ ಮೇಲೆ ನನ್ನ ಮೊಣಕೈ ಒಳಗಡೆ ಏನೋ ಹುಳ ಕಚ್ಚಿ ನಿಂಬೆಹಣ್ಣಿನಷ್ಟು ಊದಿತ್ತು, ಕೆಂಪಗೆ, ಮುಟ್ಟಿದರೆ ಕೆಂಡ. ಮನೆಯಲ್ಲಿ ಯಾವಾಗಲೋ ಉಳಿದಿದ್ದ ಮಾತ್ರೆ ನುಂಗಿದೆ, ಒಡೆದು ಇಳಿಯಿತು. ನನಗೆ ಮಲಗಲು ಪುರುಸೊತ್ತಿಲ್ಲ.

ಇತಿ,
ನಿನ್ನ ಅಕ್ಕ


ಜನವರಿ ೨೪

ಪ್ರೀತಿಯ ಅಕ್ಕ,

ನೀನು ಬೈದದ್ದು ಸರಿ. ಬೈಸಿಕೊಳ್ಳಲೆಂದೇ ಎರಡು ಸಲ ಓದಿದೆ.

ಒಂದು ಮಾತು ಹೇಳಲೇಬೇಕು, ಸಿಟ್ಟಾಗಬೇಡ. ನಿನ್ನ ಕೈಯಲ್ಲಿ ಆದದ್ದು ಹುಳ ಕಚ್ಚಿದ್ದಲ್ಲದೆ ಇರಬಹುದು. ಈ ಮೊಂಡು ಜಾತಿ ಆಸ್ಪತ್ರೆಯ ಹೊರಗೂ ಓಡಾಡುತ್ತದೆ: ಒಂದೇ ಟವೆಲು, ಒಂದೇ ಬ್ಲೇಡು ಹತ್ತಾರು ಜನ ಬಳಸುವ ಕಡೆ. ಜನ ಜೇಡ ಕಚ್ಚಿತು ಎಂದುಕೊಂಡು ಸುಮ್ಮನಾಗುತ್ತಾರೆ. ಒಡೆದ ಜಾಗವನ್ನು ಡಾಕ್ಟರಿಗೆ ತೋರಿಸಿ ಕೀವಿನ ಪರೀಕ್ಷೆ ಮಾಡಿಸು. ಅರ್ಧ ಉಳಿದ ಮಾತ್ರೆ ನುಂಗಬೇಡ. ಅದು ಪೂರ್ತಿ ಮಾಗುವ ತನಕ ಅಮ್ಮನ ಡ್ರೆಸ್ಸಿಂಗ್ ಅಲ್ಲಿನ ನರ್ಸೇ ಮಾಡಲಿ. ನಿನ್ನ ಟವೆಲು ಬೇರೆ ಇರಲಿ.

ದೂರ ಕೂತು ಅಪ್ಪಣೆ ಕೊಡುತ್ತಾಳೆ ಎಂದು ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ಗೊಣಗು. ಆದರೆ ಮಾಡು.

ನಿನ್ನ
ಗುಬ್ಬಿ


ಫೆಬ್ರವರಿ ೨

ಗುಬ್ಬಿಮರಿಗೆ ಅಮ್ಮನ ಮುತ್ತುಗಳು.

ಮನೆಗೆ ಬಂದಿದ್ದೇನೆ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾರೆ, ರಾಣಿಯ ಹಾಗೆ. ರಾಣಿಗೆ ಪಾಯಿಖಾನೆಗೆ ಹೋಗಲು ಮಾತ್ರ ಇಬ್ಬರು ಬೇಕು.

ನಿನ್ನ ಅಕ್ಕ ನಿನ್ನ ಕಾಗದ ಓದಿದ ದಿನ ಮನೆಯಲ್ಲಿ ಪಾತ್ರೆಗಳೆಲ್ಲ ಮಾತಾಡಿದವು. ನನಗೇ ಕೇಳಿಸಿತು ಎಂದರೆ ಯೋಚಿಸು. "ಡಾಕ್ಟರಮ್ಮ ಹೇಳಿದಾಳೆ" ಎನ್ನುತ್ತ ಕೈಗೆ ಬಟ್ಟೆ ಸುತ್ತಿಕೊಂಡಳು. ಡಾಕ್ಟರ ಹತ್ತಿರ ಹೋಗು ಎಂದರೆ, "ಮಾಗಿರೋ ಗಾಯ ತೋರಿಸೋಕೆ ನನಗೇನು ಹುಚ್ಚಾ?" ಎನ್ನುತ್ತಾಳೆ. ಅವಳ ಮೇಲೆ ಬೇಜಾರು ಮಾಡಿಕೊಳ್ಳಬೇಡ. ನನ್ನನ್ನು ಎತ್ತಿ, ತಿರುಗಿಸಿ, ಒರೆಸಿ, ಬಾಯಿಗೆ ತುತ್ತಿಟ್ಟು, ಮತ್ತೆ ಆ ಹುಡುಗಿಯರ ಹುಬ್ಬು ತೀಡಲು ಓಡುತ್ತಾಳೆ. ಇಳಿದುಹೋಗಿದ್ದಾಳೆ. ಬೈಯುವುದಷ್ಟೇ ಅವಳಿಗೆ ಉಳಿದಿರುವ ವಿಶ್ರಾಂತಿ.

ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತು ಜೋಡಿಸಿದೆ. ದೇವರು ಕೊಟ್ಟ ಕೇಳುವ ಲೆಕ್ಕ ಅಲ್ಲೇ ಖರ್ಚಾಯಿತು ಅಂತ ಕಾಣುತ್ತದೆ. ಈಗ ನಿಮ್ಮಿಬ್ಬರ ಲೈನೇ ಕಟ್ಟಾಗಿದೆ, ಜೋಡಿಸಲು ಗೊತ್ತಾಗುತ್ತಿಲ್ಲ.

ನೀನು ಬರದೇ ಇರುವುದು ನನ್ನ ಒಳ್ಳೆಯದಕ್ಕೆ ಎಂದು ತಲೆಗೆ ತಿಳಿಯುತ್ತದೆ. ಬಾ ಎಂದು ನಾನು ಕರೆಯುವುದಿಲ್ಲ. ಆದರೆ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿದ್ದರೆ ತಿರುಗಿ ನೋಡುತ್ತೇನೆ. ಅದು ನನ್ನ ಕೈಯಲ್ಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಅಮ್ಮ


ಫೆಬ್ರವರಿ ೧೦

ಅಮ್ಮ,

ಮೊದಲನೆಯ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂತು. ಕುಣಿದಾಡಿ ಪೆಟ್ಟಿಗೆ ಕೆಳಗಿಳಿಸಿದೆ. ಎರಡನೆಯದರಲ್ಲಿ ಮತ್ತೆ 'ಇದೆ'. ಪೆಟ್ಟಿಗೆ ಮಂಚದ ಕೆಳಗೇ ಇದೆ, ಅಟ್ಟಕ್ಕೆ ಏರಿಸಿಲ್ಲ.

ಮತ್ತೆ ಮೊದಲಿಂದ ಶುರು: ಮುಲಾಮು, ಸೋಪು, ದಿನಾ ದಿಂಬಿನ ಹೊದಿಕೆ ಕುದಿಸುವುದು. ಅಂಗಡಿಯಲ್ಲಿ ಚಿಲ್ಲರೆ ತೆಗೆದುಕೊಳ್ಳುವಾಗಲೂ ಕೈ ಹಿಂದೆಳೆಯುತ್ತೇನೆ. ಪಕ್ಕದ ಮನೆಯವರು ಮಗುವನ್ನು ನನ್ನ ಕೈಗೆ ಕೊಡಲು ಬಂದರೆ ಒಲೆ ಮೇಲೆ ಹಾಲಿದೆ ಎಂದು ಒಳಗೆ ಓಡುತ್ತೇನೆ. ಈ ತಿಂಗಳು ನಮ್ಮ ಮನೆಯಲ್ಲಿ ಎಷ್ಟು ಹಾಲು ಉಕ್ಕಿತೋ!

ಬರುತ್ತೇನೆ ಅಮ್ಮ. ನೆರಳಲ್ಲ, ನಾನೇ ಬಂದು ನಿಲ್ಲುತ್ತೇನೆ.

ನಿನ್ನ
ಗುಬ್ಬಿ


ಫೆಬ್ರವರಿ ೧೯

ಗುಬ್ಬಿ,

ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇವೆ. ಹೋದ ವಾರ ಜ್ವರ ಬಂತು, ನಡುಕ ಬಂತು. ಹೊಲಿಗೆಯ ಒಂದು ತುದಿ ಕೆಂಪಾಗಿ ನೀರು ಜಿನುಗುತ್ತಿತ್ತು. ಗಾಯ ಮತ್ತೆ ಬಿಚ್ಚಿ ತೊಳೆದರು. ರಕ್ತಕ್ಕೂ ಸೇರಿದೆಯಂತೆ. ದೊಡ್ಡ ಔಷಧಿ ಡ್ರಿಪ್ಪಿನಲ್ಲಿ ಬಿಡುತ್ತಿದ್ದಾರೆ, ಕಿಡ್ನಿ ತಡೆಯುತ್ತೋ ಇಲ್ಲವೋ ಎಂದು ದಿನಾ ರಕ್ತ ತೆಗೆಯುತ್ತಾರೆ.

ಒಂಟಿ ಕೋಣೆ. ಬಾಗಿಲಿಗೆ ಕೆಂಪು ಚೀಟಿ. ಒಳಗೆ ಹೋಗುವವರು ಒಬ್ಬೊಬ್ಬರೇ, ನೀಲಿ ಗೌನು, ಕೈಗವಸು, ಮಾಸ್ಕು. ಡಾಕ್ಟರು ಅದರ ಹೆಸರು ಹೇಳಿದರು. ನಿನ್ನ ಕಾಗದದಲ್ಲಿ ಓದಿದ ಅದೇ ಹೆಸರು. ನನಗೆ ನಗು ಬಂತು ಕಣೆ. ಡಾಕ್ಟರು ಗಾಬರಿಯಾಗಿ ನೋಡಿದರು. ನೀನು ಬರಲೇ ಇಲ್ಲ, ಅದು ಬಂತು.

ಇಷ್ಟು ದಿನ ಬಾ ಎಂದು ಜಗಳವಾಡಿದೆ. ಈಗ ಜಗಳವಿಲ್ಲ. ಬಾ.

ಅಕ್ಕ


ಫೆಬ್ರವರಿ ೨೨

ಅಕ್ಕ,

ಈಗ ಭಾವನ ಹತ್ತಿರ ಫೋನಿನಲ್ಲಿ ಮಾತಾಡಿದೆ. ನಾಳೆಯ ರೈಲಿಗೆ ಹೊರಟಿದ್ದೇನೆ, ಈ ಕಾಗದಕ್ಕಿಂತ ಮೊದಲೇ ತಲುಪಬಹುದು. ಆದರೂ ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ.

ಮತ್ತೆ ಕಳಿಸಿದ ಪರೀಕ್ಷೆಯ ಉತ್ತರ ಇನ್ನೂ ಬಂದಿಲ್ಲ. ನಮ್ಮ ಡಾಕ್ಟರು, "ಹೋಗಿ ಬನ್ನಿ. ಗೌನು, ಮಾಸ್ಕು, ಕೈಗವಸು ತೆಗೀಬೇಡಿ, ಅಷ್ಟೆ" ಎಂದರು. ಇದನ್ನು ಜನವರಿಯಲ್ಲೇ ನಾನು ಯಾಕೆ ಕೇಳಲಿಲ್ಲವೋ. ಹೆದರಿದವರಿಗೆ ಪ್ರಶ್ನೆಗಳೂ ಹುಟ್ಟುವುದಿಲ್ಲ.

ಅಮ್ಮನಿಗೆ ಹೇಳು.

ಗುಬ್ಬಿ


ಏಪ್ರಿಲ್ ೧೬

ಗುಬ್ಬಿಗೆ,

ಅಮ್ಮ ಹೋಗಿ ಇಷ್ಟು ದಿನವಾದರೂ ನಿನಗೆ ಒಂದು ಸಾಲು ಬರೆದಿರಲಿಲ್ಲ. ನೀನು ಇಲ್ಲಿದ್ದಾಗಲೂ ನಾವಿಬ್ಬರೂ ಪಾತ್ರೆ ತೊಳೆದೆವು, ಬಟ್ಟೆ ಮಡಿಸಿದೆವು, ಬಂದವರಿಗೆ ಟೀ ಕೊಟ್ಟೆವು, ಒಂದು ಮಾತೂ ಆಡಲಿಲ್ಲ. ರೈಲು ಹತ್ತಿಸಲು ನಿಮ್ಮ ಭಾವನನ್ನು ಕಳಿಸಿ ನಾನು ಒಳಗೆ ಮಲಗಿಬಿಟ್ಟೆ. ನಿದ್ದೆ ಬಂದಿರಲಿಲ್ಲ.

ಈಗ ಬರೆಯುತ್ತಿರುವುದು ಒಂದು ಮಾತು ಕೇಳಲು.

ಹೋದ ತಿಂಗಳು ತೊಡೆಯಲ್ಲಿ ಮತ್ತೊಂದು ಕುರು ಎದ್ದಿತು. ಈ ಸಲ ಸೀದಾ ಡಾಕ್ಟರ ಹತ್ತಿರ ಹೋದೆ. ಕೊಯ್ದು, ಕೀವು ಪರೀಕ್ಷೆಗೆ ಕಳಿಸಿದರು, ಮೂಗಿಗೂ ಕಡ್ಡಿ ಹಾಕಿದರು. ಎರಡರಲ್ಲೂ ಅದೇ. ಅಲ್ಲಿದ್ದ ನರ್ಸು, "ಮೊದಲೂ ಹೀಗೆ ಆಗಿತ್ತಾ? ಮನೇಲಿ ಯಾರಿಗಾದ್ರೂ ಆಪರೇಷನ್ ಆಗಿತ್ತಾ?" ಎಂದು ಕೇಳಿದಳು. ಚಿಕ್ಕ ಹುಡುಗಿ, ಸುಮ್ಮನೆ ಕೇಳಬೇಕಾದ್ದನ್ನು ಕೇಳುತ್ತಿದ್ದಳು. ಎರಡಕ್ಕೂ ಹೌದು ಎಂದೆ.

ಪಾರ್ಲರ್ ಮುಚ್ಚಿದ್ದೇನೆ. ಟವೆಲುಗಳನ್ನೆಲ್ಲ ಕುದಿಸಿದೆ, ಆಮೇಲೆ ಸುಟ್ಟೆ. ಮಗಳಿಗೆ ಎಂಟು ತಿಂಗಳು ತುಂಬಿದೆ. ಬಾ ಬಾ ಎಂದು ಕರೆಯುತ್ತಾಳೆ, ನಾನು ನೆಪ ಹೇಳುತ್ತೇನೆ. ಮೊನ್ನೆ ಅಳಿಯನಿಗೆ ಹೇಳಿದಳಂತೆ: "ಅಜ್ಜಿ ಹೋದ್ಮೇಲೆ ಅಮ್ಮನಿಗೆ ನಾನು ಬೇಡವಾಗಿದೀನಿ." ನಿನಗೆ ಹಿಂದೆ ನಾನು ಬರೆದ ಕಾಗದ ನೆನಪಾಯಿತು. ಮೂಗಿನಲ್ಲಿ ಹುಳ ಬಿತ್ತು ಎಂದು ಬರೆದಿದ್ದೆ. ಅದನ್ನು ಹರಿದು ಹಾಕಿದ್ದೀಯ ತಾನೆ?

ಅಮ್ಮನ ಹೊಲಿಗೆಯ ಮೇಲಿನ ಬಟ್ಟೆ ಒದ್ದೆಯಾದಾಗ ಒಂದೆರಡು ಸಲ ನಾನೇ ಬದಲಾಯಿಸಿದ್ದೆ. ಕೈ ತೊಳೆದಿದ್ದೆ. ಸರಿಯಾಗಿ ತೊಳೆದಿದ್ದೆನಾ, ಗೊತ್ತಿಲ್ಲ. ಸಾಕಾಗಿರುತ್ತಿತ್ತು ಗುಬ್ಬಿ, ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ನಿಮ್ಮ ಭಾವ, "ಆಸ್ಪತ್ರೆಯಿಂದ್ಲೇ ಬಂದಿದ್ದು, ಬಿಡು" ಎನ್ನುತ್ತಾರೆ. ಅವರಿಗೇನು ಗೊತ್ತು. ನಿನಗೆ ಗೊತ್ತು. ನಿಜ ಹೇಳು. ನನ್ನಿಂದಲಾ?

ಅಕ್ಕ


ಏಪ್ರಿಲ್ ೨೫

ಪ್ರೀತಿಯ ಅಕ್ಕ,

'ಅಲ್ಲ' ಎಂದು ಬರೆಯಲು ಕೂತೆ. ಬರೆದು ಹರಿದೆ. 'ತಲೆಗೆ ಹಚ್ಚಿಕೊಳ್ಳಬೇಡ' ಎಂದು ಬರೆದೆ. ಅದನ್ನೂ ಹರಿದೆ. ದೊಡ್ಡ ಡಾಕ್ಟರು ಆ ಮಾತನ್ನು ನನಗೆ ಹೇಳಿದ ಮೇಲೆ ಒಂದು ರಾತ್ರಿಯೂ ನಾನು ಸರಿಯಾಗಿ ಮಲಗಿಲ್ಲ. ನಿನಗೆ ಅದನ್ನೇ ಕೊಡಲಾರೆ.

ಇರಬಹುದು ಅಕ್ಕ. ನಿನ್ನ ಕೈಯಿಂದ ಹೋಗಿರಬಹುದು. ಆಪರೇಷನ್ ಕೋಣೆಯಿಂದಲೂ ಬಂದಿರಬಹುದು, ವಾರ್ಡಿನ ಯಾವುದೋ ಕೈಯಿಂದಲೂ ಬಂದಿರಬಹುದು, ಅಮ್ಮನ ಚರ್ಮದ ಮೇಲೇ ಮೊದಲಿಂದ ಇದ್ದಿರಬಹುದು. ನಿನ್ನಲ್ಲಿ ಸಿಕ್ಕಿದ್ದು, ಅಮ್ಮನಲ್ಲಿ ಸಿಕ್ಕಿದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ವಂಶವೋ ಅಲ್ಲವೋ ಎಂದು ನೋಡುವ ಪರೀಕ್ಷೆ ಇದೆ. ಅಮ್ಮನದನ್ನು ಯಾರೂ ಅಷ್ಟು ದಿನ ಎತ್ತಿಟ್ಟಿರುವುದಿಲ್ಲ. ಹಾಗಾಗಿ ಹೌದು ಅಥವಾ ಅಲ್ಲ ಎನ್ನುವುದು ನಿನಗೂ ಸಿಗುವುದಿಲ್ಲ, ನನಗೂ ಸಿಗಲಿಲ್ಲ. ಗಡಿಯಾರದವರ ಹೆಂಡತಿ ಅವರ ಕನ್ನಡಕ, ಚಪ್ಪಲಿ ತೆಗೆದುಕೊಂಡು ಹೋಗಲು ಬಂದಾಗ ನನಗೆ ಥ್ಯಾಂಕ್ಸ್ ಹೇಳಿ ಹೋದರು. ಅದನ್ನು ಎಲ್ಲಿಡಬೇಕೆಂದು ಇವತ್ತಿಗೂ ತಿಳಿದಿಲ್ಲ.

ನೀನು ಅಮ್ಮನನ್ನು ಮುಟ್ಟದೇ ಇದ್ದಿದ್ದರೆ ಅವಳನ್ನು ಯಾರು ಎತ್ತುತ್ತಿದ್ದರು? ಯಾರು ತಿರುಗಿಸುತ್ತಿದ್ದರು? ಹುಷಾರಾಗಿ ದೂರ ನಿಂತವಳು ನಾನು. ದೂರ ನಿಂತದ್ದರಿಂದ ಅಮ್ಮನಿಗೆ ಏನು ಸಿಕ್ಕಿತು ಎಂದು ಕೇಳು. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ.

ನಾನು ಬಂದ ದಿನ ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ನಾನೊಬ್ಬಳೇ ಒಳಗೆ ಹೋದೆ. ಗೌನು, ಮಾಸ್ಕು, ಟೋಪಿ, ಕೈಗವಸು. ಅಮ್ಮ ಎಚ್ಚರವಾಗಿದ್ದಳು, ಕನ್ನಡಕ ತೆಗೆದಿಟ್ಟಿದ್ದರು. "ಅಮ್ಮ, ನಾನು" ಎಂದೆ. ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಅವಳು ನನ್ನ ಗೌನಿನ ತೋಳು ಹಿಡಿದು ನಕ್ಕಳು. "ಸಿಸ್ಟರ್, ನನ್ನ ಚಿಕ್ಕ ಮಗಳೂ ನಿಮ್ಮ ಹಾಗೇ ನರ್ಸು. ಬರ್ತಾಳೆ. ಬಂದಾಗ ಬಾಗಿಲಲ್ಲಿ ತಡೀಬೇಡಿ" ಎಂದಳು.

ಮಾಸ್ಕು ಕೆಳಗೆಳೆಯಲು ಕೈ ಎತ್ತಿದೆ ಅಕ್ಕ. ಪರೀಕ್ಷೆಯ ಉತ್ತರ ಬಂದಿರಲಿಲ್ಲ. ಅವಳ ಗಾಯ ಬಾಯಿಬಿಟ್ಟುಕೊಂಡಿತ್ತು. ಕೈ ಇಳಿಸಿದೆ. ಕನ್ನಡಕ ಹುಡುಕಿದೆ, ಸಿಗಲಿಲ್ಲ. ಅವಳ ಕೂದಲು ಗಂಟುಗಂಟಾಗಿತ್ತು. ಬಾಚಣಿಗೆ ತೆಗೆದುಕೊಂಡು ನಿಧಾನವಾಗಿ ಬಿಡಿಸುತ್ತ ಕೂತೆ. ಕನ್ನಡಕ ಸಿಕ್ಕ ಮೇಲೆ ಹೇಳಿದರಾಯಿತು, ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ಐಸಿಯುಗೆ ಒಯ್ದರು.

ಆ ಪರೀಕ್ಷೆ 'ಇಲ್ಲ' ಎಂದು ಬಂತು, ಅಮ್ಮನನ್ನು ಕಳಿಸಿಕೊಟ್ಟ ಮರುದಿನ. ಆಮೇಲಿನ ಎರಡೂ 'ಇಲ್ಲ'. ಈಗ ಮತ್ತೆ ವಾರ್ಡಿಗೆ ಹೋಗುತ್ತಿದ್ದೇನೆ. ನನ್ನ ಕೈ ಶುದ್ಧವಾಗಿದೆ, ಕಾಗದದಲ್ಲಿ ಬರೆದು ಕೊಟ್ಟಿದ್ದಾರೆ.

ನಾನು ಮಾಡಿದ ತಪ್ಪು ನೀನು ಮಾಡಬೇಡ. ಮುಲಾಮು, ಸೋಪು ಪೂರ್ತಿ ಮುಗಿಸು. ಗಾಯ ಮಾಗಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸು. ಹೆದರಿಕೊಂಡು ಮನೆಯಲ್ಲಿ ಕೂರುವ ಬದಲು ಮಗಳನ್ನು ನೋಡುವ ಡಾಕ್ಟರನ್ನೇ ಕೇಳು: ಇಂಥದ್ದು ಆಗಿತ್ತು, ಹೇಗೆ ಹೋಗಲಿ, ಏನು ಮಾಡಲಿ ಎಂದು. ಅವರು ದಾರಿ ಹೇಳುತ್ತಾರೆ. ಮಗಳಿಗೂ ನಿಜ ಹೇಳು. ನೆಪ ಹೇಳಬೇಡ, ನೆಪ ಬಹಳ ನೋಯಿಸುತ್ತದೆ.

ನಿನ್ನ ಕಾಗದ ನಾನು ಹರಿದಿಲ್ಲ. ಅದರಲ್ಲಿ ಬೈಗುಳ ಮಾತ್ರ ಇರಲಿಲ್ಲ, ಅಮ್ಮ ನನ್ನನ್ನು ಕೇಳಿದ್ದೂ ಇತ್ತು.

ನಿನ್ನ
ಗುಬ್ಬಿ


ಜೂನ್ ೧೧

ಗುಬ್ಬಿ,

ನೀನು 'ಅಲ್ಲ' ಎಂದು ಬರೆಯುತ್ತೀಯ ಎಂದು ಕಾದಿದ್ದೆ. ಬರೆಯಲಿಲ್ಲವೆಂದು ಸಿಟ್ಟು ಬಂತು. ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ತುರುಕಿ, ಅದರ ಮುಂದೆ ಇನ್ನೊಂದು ಡಬ್ಬ ಇಟ್ಟೆ. ಆಮೇಲೆ ಯೋಚಿಸಿದೆ. 'ಅಲ್ಲ' ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ; ಮುಂದೆ ನೀನು ಹೇಳಿದ ಬೇರೆ ಯಾವುದನ್ನೂ ನಂಬುತ್ತಿರಲಿಲ್ಲ.

ಮಗಳಿಗೆ ಎಲ್ಲ ಹೇಳಿದೆ. ಅವಳು ಅತ್ತಳು, ಆಮೇಲೆ ಬೈದಳು: "ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಯಲ್ಲ, ನಿನಗೆ ಬುದ್ಧಿ ಇದ್ಯಾ?" ಬೈಯುವುದು ನಮ್ಮ ಮನೆಯ ಹೆಂಗಸರಿಗೆ ಬಳುವಳಿ. ಅವಳ ಡಾಕ್ಟರು ಹೇಳಿದಂತೆಲ್ಲ ಮಾಡಿದೆ. ಔಷಧಿ ಮುಗಿಸಿದ ಮೇಲೆ ಮಾಡಿಸಿದ ಪರೀಕ್ಷೆಗಳೆಲ್ಲ 'ಇಲ್ಲ' ಎಂದು ಬಂದಿವೆ. ಆದರೂ ಹೆರಿಗೆಯ ದಿನ ನಾನು ಬಾಗಿಲ ಹೊರಗೇ ನಿಂತಿದ್ದೆ. ಹೆಣ್ಣು ಮಗು. ಅಳಿಯ ಹೊರಗೆ ತಂದು, "ಎತ್ತಿಕೊಳ್ಳಿ ಅತ್ತೆ" ಎಂದ. ಕೈ ತೊಳೆದು ಬರುತ್ತೇನೆ ಎಂದು ಹೋದವಳು ತೊಳೆಯುತ್ತಲೇ ನಿಂತೆ. ಚರ್ಮ ಬಿರಿದು ಉರಿಯುತ್ತಿತ್ತು, ನಲ್ಲಿ ನಿಲ್ಲಿಸಲಾಗಲಿಲ್ಲ. ಕೊನೆಗೆ ಅಲ್ಲಿನ ಆಯಾ ಬಂದು ನಲ್ಲಿ ತಿರುಗಿಸಿ, ಟವೆಲು ಕೊಟ್ಟು, ಕರೆದುಕೊಂಡು ಬಂದಳು. ಎತ್ತಿಕೊಂಡೆ. ಎರಡು ನಿಮಿಷ ಅಷ್ಟೆ, ಉಸಿರು ಬಿಗಿಹಿಡಿದುಕೊಂಡು. ಈಗ ಸ್ವಲ್ಪ ಹೆಚ್ಚು ಹೊತ್ತು ಎತ್ತಿಕೊಳ್ಳುತ್ತೇನೆ.

ಅಮ್ಮನ ವಿಷಯ ಹಾಗೇ ಇದೆ. ಬೆಳಗ್ಗೆ ಎದ್ದ ಕೂಡಲೇ ಅದು ಎದುರಿಗೆ ಬಂದು ಕೂರುತ್ತದೆ. ಕೂತಿರಲಿ ಎಂದು ನಾನು ಟೀ ಇಡುತ್ತೇನೆ.

ಈಗ ನಿನಗೆ ಹೇಳಬೇಕಾದದ್ದು.

ನೀನು ಬಂದ ದಿನ ಸಂಜೆ ಐಸಿಯುಗೆ ಒಯ್ಯುವ ಮೊದಲು ನನ್ನನ್ನು ಒಂದು ಗಳಿಗೆ ಒಳಗೆ ಬಿಟ್ಟರು. ಗುಬ್ಬಿ ಬಂದಿದ್ದಾಳೆ ಎಂದು ಅವಳ ಕಿವಿಯ ಹತ್ತಿರ ಕೂಗಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವಳು ಬೇರೆ ಏನೋ ಹೇಳುತ್ತಿದ್ದಳು. ಸ್ಟ್ರೆಚರ್ ತಳ್ಳುವವರು ಅವಸರ ಮಾಡುತ್ತಿದ್ದರು, ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನೆನಪಾಗಿ ಆ ಮಹಡಿಯಲ್ಲಿ ಎಲ್ಲರನ್ನೂ ಕೇಳಿದೆ: ಆ ದಿನ ಮಧ್ಯಾಹ್ನ ನಮ್ಮ ಅಮ್ಮನ ತಲೆ ಬಾಚಿದ ನರ್ಸು ಯಾರು ಎಂದು. ಎಲ್ಲರೂ ನಾನಲ್ಲ ಎಂದರು. ಅಮ್ಮ ಹೇಳಿಕಳಿಸಿದ್ದನ್ನು ತಲುಪಿಸಲು ಜನವೇ ಸಿಗಲಿಲ್ಲ.

ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು. ಅಮ್ಮ ಹೇಳಿದ್ದು ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನದೇನೂ ಸೇರಿಸಿಲ್ಲ:

"ಮಧ್ಯಾಹ್ನ ಬಂದಿದ್ದ ಆ ನರ್ಸಿಗೆ ಹೇಳು. ಒಂದು ಕೂದಲೂ ಎಳೀಲಿಲ್ಲ. ಕೈಗುಣ ಒಳ್ಳೇದು ಅವಳದು. ತಲೆನೋವೇ ಹೋಯ್ತು."

ನಿನ್ನ
ಅಕ್ಕ